ಜಾವಾ ಗಾಡಿಯ ಜೀರ್ಣೋದ್ಧಾರ



ಇಂದಿನ ಶಿವಾನುಭವಕ್ಕೆ ಬರುವಾಗ ಮಠದ ಅಂಗಳದಲ್ಲಿ ನಿಂತ ಮೋಟಾರು ಸೈಕಲ್ಲನ್ನು ತಾವೆಲ್ಲ ನೋಡಿದ್ದೀರಿ. ಕೆಲವರು ಅದಕ್ಕೂ ಕೈಮುಗಿದು ಬಂದಿರಿ. ಮಠದೊಳಗೆ ಏನು ನಿಂತಿದ್ದರೂ ಕೈಮುಗಿಯುವುದು ನಮ್ಮ ಜನರ ರೂಢಿ. ಅದು 1968ರ ಜಾವಾ ಗಾಡಿ. ಇಂದು ಅದರ ಮಾತನ್ನೇ ಆಡೋಣ.

ಆ ಗಾಡಿಗೆ ನಾವು ಸಾಲಗಾರರು. ಆಗ ನಾವು ಹನ್ನೆರಡು ವರ್ಷದ ಮರಿದೇವರು. ಮಳೆಗಾಲದ ಒಂದು ರಾತ್ರಿ ಹಿರಿಯ ಗುರುಗಳಿಗೆ ಉಸಿರಾಟ ಕಷ್ಟವಾಯಿತು. ಬೇಕಾದ ಔಷಧ ಶಹಾಪುರದಲ್ಲಿ ಆ ಹೊತ್ತಿಗೆ ಸಿಗಲಿಲ್ಲ. ಸೊಸೈಟಿಯಲ್ಲಿ ಕಾರಕೂನರಾಗಿದ್ದ ಒಬ್ಬ ಶರಣರು ಈ ಗಾಡಿ ಹತ್ತಿ, ಭೀಮಾ ನದಿ ದಾಟಿ ಯಾದಗಿರಿಗೆ ಹೋದರು. ಮಠದ ಹೊಸ್ತಿಲ ಮೇಲೆ ಕೂತು, ಕತ್ತಲಿಗೆ ಕಿವಿಗೊಟ್ಟು ಕಾದವರು ನಾವು. ಬೆಳಕು ಹರಿಯುವ ಮೊದಲು ದೂರದಿಂದ ಅದರ ಸಪ್ಪಳ ಬಂತು. ಹಿರಿಯ ಗುರುಗಳು ಅನಂತರ ಒಂಬತ್ತು ವರ್ಷ ನಮ್ಮನ್ನು ತಿದ್ದಿದರು. ಆ ಸಪ್ಪಳ ಇಂದಿಗೂ ನಮ್ಮ ಕಿವಿಯಲ್ಲಿದೆ.

ಜಾವಾ ಎಂದರೇನು ಎಂದು ಕೇಳುವ ಹುಡುಗರು ಈಗ ಬಹಳ. ಪ್ರಾಗ್ ನಗರದ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡರು. ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರು ಮಾಡಿದರು. ಪಾಣಿನಿಯ ಪ್ರತ್ಯಾಹಾರ ಬಾಯಿಪಾಠ ಮಾಡಿದವರಿಗೆ ಇದರಲ್ಲಿ ಬೆರಗೇನೂ ಇಲ್ಲ. ನಮ್ಮ ನಾಡಿನಲ್ಲಿ ಇದು ತಯಾರಾದದ್ದು ಮೈಸೂರಿನ ಯಾದವಗಿರಿಯಲ್ಲಿ, 1961ರಿಂದ. ಮುಂದೆ ಅದೇ ಕಾರಖಾನೆಯ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಬಂದಿತು, ಆದರೆ ಅದು ನಾಲ್ಕು ಸ್ಟ್ರೋಕಿನದು, ಸಪ್ಪಳವೇ ಬೇರೆ. ಹಳೆಯದು ಎರಡು ಸ್ಟ್ರೋಕಿನದು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಒದೆದು ಚಾಲೂ ಮಾಡುವ ಕಿಕ್ಕರೇ ಗೇರಿನ ಕೋಲು! ಒಂದೇ ಕೋಲಿಗೆ ಎರಡು ಕಾಯಕ.

ಆ ಶರಣರು ಲಿಂಗೈಕ್ಯರಾದ ಮೇಲೆ ಗಾಡಿ ಹದಿನಾರು ವರ್ಷ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಹಿರಿಯ ಮಗ ಗುಜರಿಗೆ ಹಾಕೋಣ ಎಂದರು, ಕಿರಿಯವನು ಒಪ್ಪಲಿಲ್ಲ. ಮನೆಯ ಪಕ್ಕದ ಪತ್ರಾಸಿನ ಶೆಡ್ಡಿನಲ್ಲಿ ಸಂಜೆ ಸಂಜೆ ಕೂತು ಬಿಚ್ಚತೊಡಗಿದ. ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದಿತ್ತು. ಸುತ್ತಿಗೆಯಿಂದ ಬಡಿದರೆ ಒಡೆಯುತ್ತದೆ. ಎಣ್ಣೆ ಬಿಟ್ಟು, ದಿನಕ್ಕೊಮ್ಮೆ ಅಲುಗಿಸಿ ನೋಡಿ, ಹನ್ನೊಂದು ದಿನ ಕಾದನಂತೆ. ಜಪಕ್ಕೆ ಕೂತವರಲ್ಲೂ ಇಷ್ಟು ತಾಳ್ಮೆ ನಾವು ಕಂಡದ್ದು ಕಡಿಮೆ. ಟಾಕಿಯೊಳಗಿನ ತುಕ್ಕಿಗೆ ಸಣ್ಣ ಹರಳು ಹಾಕಿ ಕುಲುಕಿದ. ಸಿಲಿಂಡರನ್ನು ಕಲಬುರಗಿಗೆ ಒಯ್ದು ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಕೂಡಿಸಿದ. ಒಣಗಿ ಗಡುಸಾದ ರಬ್ಬರು ಸೀಲು, ವೈರು, ಸೀಟು, ಚಕ್ರದ ರಿಮ್ಮು ಎಲ್ಲ ಬದಲಾದವು.

ಕೊನೆಗೆ ಒಂದು ಸಂಜೆ ನಮ್ಮ ಬಳಿ ಬಂದು ಅತ್ತ. “ಅಪ್ಪಾರ, ನಮ್ಮಣ್ಣ ಅಂತಾನ, ಹೊಸಾ ಗಾಡಿ ರೊಕ್ಕ ಸುರುದಿ, ಇದರಾಗ ಅಪ್ಪಂದೇನು ಉಳದದ ಅಂತ. ಎರಡು ತಿಂಗಳಾತು, ಮಾತು ಬಿಟ್ಟಾನ. ಇದು ನಮ್ಮಪ್ಪನ ಗಾಡಿ ಹೌದೋ ಅಲ್ಲೋ, ನೀವ ಹೇಳ್ರಿ.”

ನಾವು ಓದಿದ ನ್ಯಾಯಶಾಸ್ತ್ರದಲ್ಲಿ ಈ ಪ್ರಶ್ನೆ ಹಳೆಯದು. ಅವಯವಗಳಿಂದ ಕೂಡಿದ ಅವಯವಿ ಅವಯವಗಳಿಗಿಂತ ಬೇರೆಯಾದ ವಸ್ತು ಎನ್ನುತ್ತಾರೆ ನೈಯಾಯಿಕರು. ಆದರೆ ಅವಯವ ಬದಲಾದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟಿತು ಎಂದೂ ಹೇಳುತ್ತಾರೆ. ‘ಇದು ಅದೇ ದೀಪ’ ಎನ್ನುತ್ತೇವೆ, ಉರಿಯುವ ಜ್ವಾಲೆ ಮಾತ್ರ ಕ್ಷಣಕ್ಷಣಕ್ಕೂ ಬೇರೆ. ಬೌದ್ಧರ ನಾಗಸೇನನಂತೂ ಮಿಲಿಂದ ರಾಜನ ರಥವನ್ನೇ ಹಿಡಿದು, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಕೇಳಿ ರಾಜನ ಬಾಯಿ ಕಟ್ಟಿಸಿದ. ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಗುಡ್ಡವನ್ನು ನೋಡಿದಾಗೆಲ್ಲ ನಮಗೆ ಆ ಕಥೆ ನೆನಪಾಗುತ್ತದೆ. ಶಾಸ್ತ್ರವನ್ನು ಪ್ರಾಮಾಣಿಕವಾಗಿ ಕೇಳಿದರೆ ಅದು ಅಣ್ಣನ ಕಡೆಗೇ ವಾಲುತ್ತದೆ. ಅದನ್ನು ಮುಚ್ಚಿಟ್ಟು ಅವನನ್ನು ಸಮಾಧಾನ ಮಾಡಲು ನಮಗೆ ಮನಸ್ಸಾಗಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಶೈವಾಗಮಗಳಲ್ಲಿ ಜೀರ್ಣೋದ್ಧಾರಕ್ಕೆಂದೇ ವಿಧಿಯಿದೆ. ಅದನ್ನು ಓದಿದ ನಾವೇ ಈ ಮಠದ ಹಳೆಯ ಶಹಾಬಾದಿ ಫರಸಿ ಕೀಳಿಸಿ, ಹೊಳೆಯುವ ಟೈಲ್ಸ್ ಹಾಕಿಸಿದೆವು. ನಾಲ್ಕು ತಲೆಮಾರಿನ ಭಕ್ತರ ಪಾದಗಳಿಂದ ನುಣುಪಾದ ಕಲ್ಲು ಅದು. ಮುರಿದದ್ದು ಆರೇಳು ಮಾತ್ರ, ನಾವು ಕಿತ್ತದ್ದು ಎಲ್ಲವನ್ನೂ. ಮೊದಲ ಮಳೆಗೇ ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆ ಫರಸಿಗಳು ಈಗ ಯಾರದೋ ದನದ ಕೊಟ್ಟಿಗೆಯಲ್ಲಿವೆ. ಹೀಗಿರುವಾಗ ಆ ಹುಡುಗನಿಗೆ ತೀರ್ಪು ಕೊಡಲು ನಾವು ಯಾರು?

ಅದಕ್ಕೆ ಕೇಳಿದೆವು: “ತಮ್ಮಾ, ತೆಗೆದ ಹಳೇ ಪಿಸ್ಟನ್ ಎಲ್ಲಿ?” “ಒಗದಿಲ್ಲರಿ, ಅರಿವ್ಯಾಗ ಸುತ್ತಿ ಡಬ್ಬ್ಯಾಗ ಇಟ್ಟೀನಿ” ಎಂದ. ನಮಗೆ ಸಂತೋಷವಾಯಿತು. “ಒಂದೂವರೆ ವರ್ಷದ ಕೆಲಸದಲ್ಲಿ ಪಾನಾ ಹಿಡಿಯಲಿಕ್ಕಾದರೂ ನಿಮ್ಮ ಅಣ್ಣನನ್ನು ಕರೆದಿದ್ದೆಯಾ?” ಎಂದೆವು. ಅವನು ಮಾತಾಡಲಿಲ್ಲ. ಅಪ್ಪನ ಹಿಂದೆ ಆ ಸೀಟಿನ ಮೇಲೆ ಹೆಚ್ಚು ಕೂತವರು ಅಣ್ಣ. ಅವರನ್ನು ಒಮ್ಮೆಯೂ ಕರೆದಿರಲಿಲ್ಲ. ಆ ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟು, ಇಬ್ಬರೂ ಕೂಡಿ ಗಾಡಿಯನ್ನು ಮಠಕ್ಕೆ ತನ್ನಿರಿ ಎಂದು ಹೇಳಿ ಕಳಿಸಿದೆವು.

ಇಂದು ಇಬ್ಬರೂ ಬಂದರು, ಅಣ್ಣ ನಾಲ್ಕು ಹೆಜ್ಜೆ ಹಿಂದೆ. ತಮ್ಮ ಎರಡು ಸಲ ಒದೆದ, ಗಾಡಿ ಚಾಲೂ ಆಯಿತು. ನಾವು ಕಣ್ಣು ಮುಚ್ಚಿ ಕೇಳಿದೆವು, ಆ ರಾತ್ರಿಯ ಸಪ್ಪಳಕ್ಕೆ ಹತ್ತಿರವಿತ್ತು, ಆದರೆ ಪೂರ್ತಿ ಅದೇ ಅಲ್ಲ. ಅಣ್ಣ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, “ಅಪ್ಪ ಇಷ್ಟು ಜೋರ ಇಡತಿದ್ದಿಲ್ಲ” ಎಂದು ತಮ್ಮನ ಕಡೆ ನೋಡದೆಯೇ ಕೈ ಚಾಚಿ ಸ್ಕ್ರೂಡ್ರೈವರ್ ಕೇಳಿದರು. ಕಾರ್ಬುರೇಟರಿನ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಇಂದಿನ ಶಿವಾನುಭವ ಅರ್ಧ ತಾಸು ತಡವಾದದ್ದು ಅದರಿಂದಲೇ.