ಇನ್ಸುಲಿನ್ ಲೇಖನಿಯೂ ಶರಣರ ಕಾಯರಕ್ಷಣೆಯೂ



ಕಾಯವು ಕೆಟ್ಟ ಬಳಿಕ ಕಾಯಕವೂ ದಾಸೋಹವೂ ನಿಲ್ಲುವವು. ಆದಕಾರಣ ಮಠದ ಈ ಮಹೋತ್ಸವದಲ್ಲಿ ಮಧುಮೇಹದ ಮಾತನ್ನೂ, ಅದಕ್ಕೆ ಔಷಧವನ್ನೀಯುವ ಇನ್ಸುಲಿನ್ ಲೇಖನಿಯ ಮಾತನ್ನೂ ಎತ್ತುವುದು ಅಪ್ರಸ್ತುತವಾಗಲಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಯಲ್ಲಿ ಜೋಳದ ರೊಟ್ಟಿಯನ್ನುಂಬವರಿಗೆ ಈ ರೋಗವು ಬಾರದೆಂಬ ನಂಬಿಕೆ ಹಲವರಲ್ಲುಂಟು. ಅದು ನಿಜವಲ್ಲ.

ಚರಕ ಸುಶ್ರುತರು ಪ್ರಮೇಹದ ಇಪ್ಪತ್ತು ಭೇದಗಳಲ್ಲಿ ಮಧುಮೇಹವನ್ನೆಣಿಸಿ ಅದನ್ನು ಅಸಾಧ್ಯವೆಂದರು. 1921 ರಲ್ಲಿ ಕೆನಡಾದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಇನ್ಸುಲಿನ್ ರಸವನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಬೇರ್ಪಡಿಸಿದರು. ಮುಂದೆ ಬಹುಕಾಲ ಈ ಔಷಧವು ದನ, ಹಂದಿಗಳ ಗ್ರಂಥಿಯಿಂದಲೇ ದೊರೆಯುತ್ತಿತ್ತು. ಇದನ್ನು ಕೇಳಿ ಲಿಂಗವಂತರ ಮನೆಯ ಹಿರಿಯರು ಹಿಂಜರಿದರೆ ಅದು ಸಹಜವೇ ಸರಿ. ಆದರೆ ಆ ಕಾಲವು ಕಳೆಯಿತು. 1982 ರಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಾದ ಇನ್ಸುಲಿನ್ನಿಗೆ ಅಮೇರಿಕೆಯಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004 ರಲ್ಲಿ ಯೀಸ್ಟಿನಿಂದ ತಯಾರಿಸಿದ್ದನ್ನು ಹೊರತಂದಿತು. ಈಗ ಔಷಧದಂಗಡಿಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಈ ಬಗೆಯದೇ. ಪ್ರಾಣಿಹಿಂಸೆಯ ಶಂಕೆಯಿಂದ ಇದನ್ನು ಬಿಡಬೇಕಾದ ಕಾರಣವಿಲ್ಲ.

ಉಳಿದದ್ದು ಸೂಜಿಯ ಭಯ. 1985 ರಲ್ಲಿ ಡೆನ್ಮಾರ್ಕಿನ ನೋವೊ ಸಂಸ್ಥೆಯು ಬರೆಯುವ ಲೇಖನಿಯಂಥ ಸಾಧನವೊಂದನ್ನು ಹೊರತಂದಿತು. ಈಗಿನ ಲೇಖನಿಗಳ ಹಿಂಬದಿಯ ತಿರುಗಣಿಯನ್ನು ತಿರುಗಿಸಿದರೆ ಪ್ರಮಾಣವು ಅಂಕೆಯಲ್ಲಿ ಕಾಣುವುದು. ಈಗಿನ ಸೂಜಿಯೋ ನಾಲ್ಕೈದು ಮಿಲಿಮೀಟರಿನದು. ಪ್ರತಿಸಲವೂ ಹೊಸ ಸೂಜಿಯನ್ನು ತೊಡಿಸಿ, ಮೊದಲು ಎರಡು ಯುನಿಟ್ಟನ್ನು ಹೊರಗೆ ಚಿಮ್ಮಿಸಿ ನೋಡಿ, ಚುಚ್ಚಿದ ಮೇಲೆ ಹತ್ತು ಎಣಿಸುವತನಕ ತೆಗೆಯದಿರತಕ್ಕದ್ದು. ದಾಸೋಹದಲ್ಲಿ ಎಲ್ಲವನ್ನೂ ಹಂಚಿಕೊಳ್ಳಬಹುದು, ಈ ಲೇಖನಿಯನ್ನು ಮಾತ್ರ ಸೂಜಿ ಬದಲಿಸಿಯೂ ಹಂಚಿಕೊಳ್ಳಬಾರದು. ಇನ್ನೊಂದು ಅಪಾಯವುಂಟು. ಭಾರತದಲ್ಲಿ ಸೀಸೆಯ ಇನ್ಸುಲಿನ್ ಬಹುಧಾ ಮಿಲಿಲೀಟರಿಗೆ 40 ಯುನಿಟ್, ಲೇಖನಿಯದು 100. ಲೇಖನಿಯು ಕೆಟ್ಟಿತೆಂದು ಅದರೊಳಗಿನ ಔಷಧವನ್ನು 40 ರ ಪಿಚಕಾರಿಯಲ್ಲಿ ಸೆಳೆದು ಅದೇ ಗೆರೆಗೆ ಚುಚ್ಚಿದರೆ ಎರಡೂವರೆ ಪಟ್ಟು ಒಳಹೋಗುವುದು.

ಶಿವಪೂಜಾನಿಷ್ಠರು ವಿಶೇಷವಾಗಿ ತಿಳಿಯತಕ್ಕ ಸಂಗತಿಯೊಂದಿದೆ. ಊಟದ ಹೊತ್ತಿನ ಇನ್ಸುಲಿನ್ನು ಅನ್ನವನ್ನು ನಿರೀಕ್ಷಿಸಿಯೇ ಕೆಲಸಮಾಡುವುದು. ಹಲವರಿಗೆ ಕೊಡುವ ಮಿಶ್ರ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ತಾಸು ಮೊದಲು ಚುಚ್ಚಿಕೊಳ್ಳುವರು. ಚುಚ್ಚಿಕೊಂಡು ಲಿಂಗಪೂಜೆಗೆ ಕುಳಿತು, ಪೂಜೆಯು ಬೆಳೆದು, ಪ್ರಸಾದವು ತಡವಾದರೆ ರಕ್ತದ ಸಕ್ಕರೆಯು ಕುಸಿದು ಬೆವರು, ಕೈನಡುಕ, ಕಡೆಗೆ ಮೂರ್ಛೆಯೂ ಉಂಟಾದೀತು. ಸುತ್ತಲಿನವರು ಅದನ್ನು ಭಕ್ತಿಯ ಪರವಶತೆಯೆಂದು ತಿಳಿದು ಕೈಮುಗಿದು ನಿಂತರೆ ಪ್ರಾಣಕ್ಕೇ ಸಂಚಕಾರ! ಪೂಜೆಯು ಮುಗಿದು, ಪ್ರಸಾದವು ಸಿದ್ಧವಿದೆಯೆಂದು ತಿಳಿದ ಮೇಲೆಯೇ ವೈದ್ಯರು ಹೇಳಿದ ಹೊತ್ತನ್ನು ಹಿಡಿದು ಲೇಖನಿಯನ್ನು ಕೈಗೆತ್ತಿಕೊಳ್ಳುವುದು ಲೇಸು. ನಡುಕ ಹುಟ್ಟಿದೊಡನೆ ಮೂರು ಚಮಚ ಸಕ್ಕರೆಯನ್ನು ಇಂಡಿಯ ಲಿಂಬೆಯ ಪಾನಕದಲ್ಲಿ ಕದಡಿ ಕುಡಿಯತಕ್ಕದ್ದು. ಎಚ್ಚರದಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಶ್ರಾವಣದ ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ತಾವಾಗಿ ಔಷಧವನ್ನು ಪೂರ್ತಿ ನಿಲ್ಲಿಸುವುದೂ ಅಷ್ಟೇ ಘಾತಕ. 1910 ರಲ್ಲಿ ಫ. ಗು. ಹಳಕಟ್ಟಿಯವರು ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವೂ ಆಸ್ಪತ್ರೆಯೂ ವಿಜಯಪುರದಲ್ಲಿವೆ. ಕೇಳಲು ದೂರ ಹೋಗಬೇಕಾಗಿಲ್ಲ.

ಈ ಸೀಮೆಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವುದು; ಅಂಥ ಸೆಕೆಯಲ್ಲಿ ಇನ್ಸುಲಿನ್ನು ಸತ್ವಗೆಡುವುದು. ತೆರೆಯದ ಲೇಖನಿಗಳನ್ನು ಶೀತಪೆಟ್ಟಿಗೆಯಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಬಳಕೆಯಲ್ಲಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಬಾಳುವುದು. ಶೀತಪೆಟ್ಟಿಗೆಯಿಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ನೀರು ಹನಿಸುತ್ತಿದ್ದು, ಒಳಗಡಿಗೆಯಲ್ಲಿ ಲೇಖನಿಯನ್ನು ಒದ್ದೆಯಾಗದಂತೆ ಮುಚ್ಚಿಡಬಹುದು. ಗಡಿಗೆಯು ಗಾಳಿಯಾಡುವ ನೆರಳಿನಲ್ಲಿರಲಿ, ಒಲೆಯ ಬಳಿಯಲ್ಲಿ ಬೇಡ.