ಪ್ಲಗಿನ್ ಫ್ರೀ, ಆದ್ರೆ ನಮ್ಮ ಬೇಳೆ ಎಲ್ಲಿ ಹೋಯ್ತು?

ದುಡ್ಡು, ಸಾಲ, ಉಳಿತಾಯ ಅಂತ ಮಾತಾಡೋ ನಾನು ಇವತ್ತು ಕೋಡ್ ಬಗ್ಗೆ ಮಾತಾಡ್ತೀನಿ. ಓದಿದ್ದು ಬಿ.ಕಾಂ., ಕೋಡಿಂಗ್ ಕಲಿತಿದ್ದು ಯೂಟ್ಯೂಬ್ ನೋಡಿ. ಹಾಗಾಗಿ ತಪ್ಪುಗಳೆಲ್ಲ ನನ್ನವೇ.

ನನ್ನ ಪಾಡ್‌ಕಾಸ್ಟ್ ಸೈಟ್ ಇರೋದು ಜ್ಯಾಂಗೋದಲ್ಲಿ. ಸಂಚಿಕೆಗಳಿಗೆ ಟ್ಯಾಗ್ ಬೇಕಿತ್ತು. ಮೊದಲಿಂದ ಬರೆಯೋದು ಯಾಕೆ ಅಂತ ಜ್ಯಾಂಗೋ-ಟ್ಯಾಗಿಟ್ ಅನ್ನೋ ಓಪನ್ ಸೋರ್ಸ್ ಪ್ಲಗಿನ್ ಹಾಕ್ಕೊಂಡೆ. ವ್ಯಾಗ್‌ಟೇಲ್ ಅನ್ನೋ ದೊಡ್ಡ ಸಾಫ್ಟ್‌ವೇರ್ ಕೂಡ ಫೋಟೊಗಳ ಟ್ಯಾಗಿಗೆ ಇದನ್ನೇ ಬಳಸುತ್ತೆ. ಹತ್ತೇ ನಿಮಿಷದಲ್ಲಿ ಕೆಲಸ ಮುಗೀತು ಅಂದ್ಕೊಂಡೆ.

‘ಗೃಹ ಸಾಲ’ ಅಂತ ಟೈಪ್ ಮಾಡಿದೆ. ‘ಗೃಹ’ ಒಂದು ಟ್ಯಾಗ್ ಆಯ್ತು, ‘ಸಾಲ’ ಇನ್ನೊಂದು! ಕಾಮಾ ಇಲ್ಲದಿದ್ರೆ ಅದು ಸ್ಪೇಸ್ ಇದ್ದಲ್ಲೆಲ್ಲ ಕತ್ತರಿಸುತ್ತೆ. ಒಂದು ಕಾಮಾ ಇದ್ರೆ ಕಾಮಾ ಇದ್ದಲ್ಲಿ ಮಾತ್ರ. ಇದು ಅದರ ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ಲಿಂಕಿನಲ್ಲಿ. ಪ್ರತಿ ಟ್ಯಾಗಿಗೂ ಲಿಂಕಿಗೆ ಬೇಕಾದ ಚಿಕ್ಕ ಹೆಸರು, ಅಂದ್ರೆ ಸ್ಲಗ್, ತಾನಾಗೇ ತಯಾರಾಗುತ್ತೆ. ಕಂಪ್ಯೂಟರಿನಲ್ಲಿ ‘ಬೆ’ ಅಂದ್ರೆ ‘ಬ’ ಮತ್ತು ಎತ್ವ, ಎರಡು ಬೇರೆ ಬೇರೆ. ಸ್ಲಗ್ ಮಾಡೋ ನಿಯಮ ‘ಬ’ವನ್ನ ಅಕ್ಷರ ಅಂತ ಉಳಿಸಿಕೊಂಡು, ಎತ್ವವನ್ನ ಬೇಡದ ಚಿಹ್ನೆ ಅಂತ ಕಿತ್ತು ಹಾಕುತ್ತೆ. ಹಾಗಾಗಿ ‘ಬೆಳೆ’ ಹೋಗಿ ‘ಬಳ’ ಆಯ್ತು. ‘ಬೇಳೆ’ಯೂ ‘ಬಳ’! ಎರಡು ಒಂದೇ ಆಗಬಾರದು ಅಂತ ಪ್ಲಗಿನ್ ಎರಡನೆಯದಕ್ಕೆ ಅಂಡರ್‌ಸ್ಕೋರ್ 1 ಸೇರಿಸಿತ್ತು. ವಾಟ್ಸಾಪ್‌ಗೆ ಹಾಕುವಾಗ ಇದೇನಪ್ಪಾ ಕಸ ಅಂತ ನಾನೇ ಅಳಿಸಿದೆ. ಕೇಳುಗರೊಬ್ಬರು ಮೆಸೇಜ್ ಮಾಡಿದ್ರು: “ಬೇಳೆ ರೇಟಿನ ಲಿಂಕ್ ಅಂದ್ರಿ, ಬೆಳೆ ವಿಮೆ ಬಂತಲ್ಲ ಸರ್!”

ಸರಿ ಮಾಡೋದು ಹೇಗೆ? ಪ್ಲಗಿನ್ ಒಳಗಿನ ಫೈಲ್ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿ ಹೋಗುತ್ತೆ. ಟ್ಯಾಗಿಟ್‌ನಲ್ಲಿ ನಮ್ಮದೇ ಟ್ಯಾಗ್ ಮಾಡೆಲ್ ಬರೆದು, ಸ್ಲಗ್ ಮಾಡೋ ಫಂಕ್ಷನ್ನನ್ನ ಅಲ್ಲೇ ಬದಲಾಯಿಸಬಹುದು. ನಾನು ಗುಣಿತದ ಚಿಹ್ನೆ, ಒತ್ತಕ್ಷರ ಉಳಿಯೋ ಹಾಗೆ ಬರೆದೆ. ಆದ್ರೆ ಹಳೇ ಟ್ಯಾಗ್‌ಗಳು ತಾವಾಗೇ ಬರಲ್ಲ. ಅವನ್ನ ಹೊಸ ಟೇಬಲ್‌ಗೆ ಸಾಗಿಸಿ, ಹಳೇ ಲಿಂಕ್‌ಗಳನ್ನ ಹೊಸದಕ್ಕೆ ತಿರುಗಿಸೋಕೆ ಇಡೀ ಭಾನುವಾರ ಹೋಯ್ತು. ಶುರುವಲ್ಲೇ ಮಾಡಿದ್ರೆ ಅರ್ಧ ಗಂಟೆಯ ಕೆಲಸ.

ಇನ್ನು ಲೈಸೆನ್ಸ್. ಟ್ಯಾಗಿಟ್ ಇರೋದು ಬಿಎಸ್‌ಡಿ ಲೈಸೆನ್ಸಿನಲ್ಲಿ. ಬಳಸಿ, ಬದಲಾಯಿಸಿ, ಅದರಿಂದ ದುಡ್ಡೂ ಮಾಡಿ. ಆದ್ರೆ ಕೋಡನ್ನ ಇನ್ನೊಬ್ಬರಿಗೆ ಹಂಚುವಾಗ ಬರೆದವರ ಕಾಪಿರೈಟ್ ಸಾಲು, ಲೈಸೆನ್ಸ್ ಪಠ್ಯ ಜೊತೆಗಿರಲೇಬೇಕು.

ಬೇರೆಯವರ ಕೋಡ್ ತಗೊಂಡ್ರೆ ಅವರ ಅಂದಾಜುಗಳೂ ಜೊತೆಗೇ ಬರ್ತವೆ. ಅದಕ್ಕೇ ‘ಟೆಸ್ಟ್ 1’, ‘ಟೆಸ್ಟ್ 2’ ಅಂತ ಹಾಕಿ ನೋಡಿ ಸುಮ್ಮನಾಗಬೇಡಿ. ಕನ್ನಡದ ಐದು ಪದ ಹಾಕಿ, ಒತ್ತಕ್ಷರ ಇರೋದೇ ಹಾಕಿ. ಎಡವಟ್ಟಾದ್ರೆ ಅದನ್ನ ಬರೆದವರಿಗೂ ತಿಳಿಸಿ. ಮುಂದೆ ಬರೋ ಕನ್ನಡದ ಹುಡುಗ-ಹುಡುಗಿಯರ ಒಂದು ಭಾನುವಾರ ಉಳಿಯುತ್ತೆ.

ಮುಂದಿನ ವಾರ ಮತ್ತೆ ದುಡ್ಡಿನ ಮಾತು. ಸಿಗೋಣ!