ಇಬ್ಬನಿಯನ್ನು ಪ್ರೀತಿಸುವ ನೊಣ

ಮಾಗಿದ ಬಾಳೆಹಣ್ಣಿನ ಮೇಲೆ ಸುಳಿಯುವ ಪುಟ್ಟ ನೊಣವನ್ನು ನಾವೆಲ್ಲರೂ ಕೈಬೀಸಿ ಓಡಿಸಿದವರೇ. ವಿಜ್ಞಾನಿಗಳು ಅದನ್ನು ಡ್ರೊಸೊಫಿಲ ಎನ್ನುತ್ತಾರೆ. ಗ್ರೀಕ್ ಮೂಲದ ಆ ಹೆಸರಿಗೆ ಇಬ್ಬನಿಯನ್ನು ಪ್ರೀತಿಸುವುದು ಎಂದರ್ಥ.

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ, ಹಾಲಿನ ಸೀಸೆಗಳಲ್ಲಿ ಸಾಕಿದ ಕೆಂಗಣ್ಣಿನ ನೊಣಗಳ ನಡುವೆ ಥಾಮಸ್ ಹಂಟ್ ಮಾರ್ಗನ್ ಒಂದು ಬಿಳಿಗಣ್ಣಿನ ಗಂಡುನೊಣವನ್ನು ಕಂಡರು. ಅದರ ಸಂತತಿಯನ್ನು ಎಣಿಸುತ್ತ ಹೋದಾಗ, ಕಣ್ಣಿನ ಆ ಬಣ್ಣ ಲಿಂಗವನ್ನು ನಿರ್ಧರಿಸುವ ವರ್ಣತಂತುವಿನೊಡನೆಯೇ ಸಾಗಿಬರುವುದು ತಿಳಿಯಿತು. ವಂಶಗುಣಗಳಿಗೆ ದೇಹದಲ್ಲಿ ಒಂದು ನೆಲೆ ಗೊತ್ತಾಯಿತು. 1933ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಹತ್ತು ದಿನಕ್ಕೊಂದು ತಲೆಮಾರು, ನಾಲ್ಕೇ ಜೊತೆ ವರ್ಣತಂತು: ಇದಕ್ಕಿಂತ ಅನುಕೂಲವಾದ ಜೀವಿ ಎಲ್ಲಿ ಸಿಕ್ಕೀತು? ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಇದರ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆದರೂ ಲೋಕ ನಗುತ್ತದೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಪದವಿಯ ಅಭ್ಯರ್ಥಿ ಸಾರಾ ಪೇಲಿನ್, ಹಣ್ಣಿನ ನೊಣದ ಸಂಶೋಧನೆಗೆ ಸರ್ಕಾರದ ಹಣವೇ ಎಂದು ಹಂಗಿಸಿದರು. ಅವರು ಹಂಗಿಸಿದ್ದು ಆಲಿವ್ ಬೆಳೆಯನ್ನು ಕೆಡಿಸುವ ಬೇರೊಂದು ನೊಣದ ಅಧ್ಯಯನವನ್ನು. ನಗೆ ಮಾತ್ರ ಎರಡಕ್ಕೂ ತಗುಲಿತು.

ನಾನೂ ಹಾಗೆ ನಕ್ಕವನೇ. ನನ್ನ ಅಣ್ಣನಿಗೆ ಪಾರ್ಕಿನ್‌ಸನ್ ರೋಗ ತಗುಲಿ, ಕಾಫಿಯ ಲೋಟ ಅವನ ಕೈಯಲ್ಲಿ ನಡುಗತೊಡಗಿದ ಮೇಲೆ ನನ್ನ ನಗೆ ನಿಂತಿತು. ಆ ರೋಗದ ಮೂಲವನ್ನು ಈ ನೊಣದ ಮಿದುಳಿನಲ್ಲಿಯೂ ಅರಸುತ್ತಿದ್ದಾರೆಂದು ಆಗ ಓದಿದೆ. ಔಷಧ ಅಣ್ಣನ ಕಾಲಕ್ಕೆ ಒದಗೀತೋ ಇಲ್ಲವೋ ನಾನರಿಯೆ. ಹಣ್ಣಿನ ಬುಟ್ಟಿಯ ಬಳಿ ಈಗ ನನ್ನ ಕೈ ಮೊದಲಿನಂತೆ ಏಳುವುದಿಲ್ಲ.